ಹಾಳೆಯಲ್ಲಿ ಬರೆಯದ ಮಾತು

ಚಿಲುಂಬಾ
31 ಮೇ 1999, ಸೋಮವಾರ

ಪ್ರೀತಿಯ ಅಸಿಯಾತು ಅಕ್ಕನಿಗೆ,

ನಿಮ್ಮ ತಂಗಿ ತವೊಂಗಾಳ ನಮಸ್ಕಾರಗಳು. ನಾನೂ ಮಕ್ಕಳೂ ದೇವರ ದಯೆಯಿಂದ ಚೆನ್ನಾಗಿದ್ದೇವೆ. ಸರೋವರದ ವಾರದ ಹಡಗು ಇನ್ನೊಂದು ತಾಸಿನಲ್ಲಿ ಹೊರಡುತ್ತದೆ. ಅದರ ಗುಮಾಸ್ತನ ಕೈಗೆ ಈ ಕಾಗದ ಕೊಡಬೇಕಾದ್ದರಿಂದ ಅವಸರದಲ್ಲಿ ಬರೆಯುತ್ತಿದ್ದೇನೆ.

ಒಂದು ಸಂತೋಷದ ಸುದ್ದಿ. ನಮ್ಮ ಮೈಮುನಾಳ ಕಡೆಯವರು ಸಿಕ್ಕಿದರು! ಜನವರಿಯಲ್ಲಿ ಇವಳ ತಾಯಿ ಜೈನಬು ಹಡಗಿನಿಂದ ಇಳಿದವಳು ಧಕ್ಕೆಯಲ್ಲೇ ಕುಸಿದು ಸತ್ತದ್ದು, ಏಳು ವರ್ಷದ ಈ ಮಗು ಹೆಣದ ಪಕ್ಕದಲ್ಲಿ ಒಣಮೀನಿನ ಬುಟ್ಟಿ ಕಾಯುತ್ತ ಕೂತಿದ್ದದ್ದು, ಎಲ್ಲ ನಿಮಗೆ ಗೊತ್ತೇ ಇದೆ. ಈಗ ಅವಳ ದೊಡ್ಡಪ್ಪ ಬಂದಿದ್ದಾನೆ. ಹೆಸರು ಸ್ಟೋನಾರ್ಡ್. ಇಸ್ತ್ರಿ ಮಾಡಿದ ಅಂಗಿ, ಒಳ್ಳೆಯ ಮಾತು. ಜೊತೆಗೆ ಒಬ್ಬ ಹಿರಿಯರು. ಅವರ ಊರಿನ ಮುಖ್ಯಸ್ಥನ ಮುದ್ರೆಯಿರುವ ಕಾಗದವೂ ಇದೆ.

ನೀವು ಹೇಳಿಕೊಟ್ಟಂತೆ ಮೂರು ಪ್ರಶ್ನೆ ಕೇಳಿದೆ. ಮನೆಯಲ್ಲಿ ತಾಯಿ ಇವಳನ್ನು ಏನೆಂದು ಕರೆಯುತ್ತಿದ್ದಳು? "ಉಸಿಪಾ ಅಂತಿದ್ಲು ಮೇಡಂ, ಸಣ್ಣ ಮೀನು ಇದ್ದ ಹಾಗೆ ಇದ್ದಾಳಲ್ಲ" ಅಂದ. ಕಿವಿಯ ಹಿಂದಿನ ಕಲೆ? "ಬಾಣಲೆ ಎಣ್ಣೆ ಸಿಡಿದದ್ದು." ಯಾವುದಕ್ಕೆ ಹೆದರುತ್ತಾಳೆ? "ಬಾತುಕೋಳಿಗೆ." ಒಂದಕ್ಕೂ ತಡವರಿಸಲಿಲ್ಲ. ನನಗೆ ಕಣ್ಣು ತುಂಬಿ ಬಂತು.

ಮೂರು ವರ್ಷದ ಹಿಂದೆ ಸಲಿಮಾದಲ್ಲಿ ಅನಾಥ ಮಕ್ಕಳನ್ನು ಸಾಕುವ ಹೆಂಗಸರ ತರಬೇತಿಯಲ್ಲಿ ನೀವು ಎದ್ದು ನಿಂತು, "ಒಬ್ಬೊಬ್ಬಳೇ ಒದ್ದಾಡೋದು ಸಾಕು, ಒಬ್ಬಳಿಗೆ ತಿಳಿದದ್ದು ಹನ್ನೊಂದು ಜನಕ್ಕೂ ತಿಳೀಲಿ" ಅಂತ ನಮ್ಮ ಬಳಗದ ತಿಂಗಳ ಹಾಳೆ ಶುರುಮಾಡಿದಾಗ ನಾನು ಹಿಂದಿನ ಬೆಂಚಿನಲ್ಲಿ ಕೂತು ನಕ್ಕಿದ್ದೆ. ಈಗ ಆ ನಗುವಿಗೆ ತಪ್ಪೊಪ್ಪಿಕೊಳ್ಳುತ್ತೇನೆ. ಹಾಸಿಗೆ ಒದ್ದೆ ಮಾಡುವ ಮಗುವನ್ನು ಬೈಯದೆ ಹೇಗೆ ನಿಭಾಯಿಸಬೇಕು, ಊಟ ಬಿಟ್ಟ ಮಗುವಿಗೆ ಏನು ಕೊಡಬೇಕು, ಎಲ್ಲ ನಾನು ಆ ಹಾಳೆಯಿಂದಲೇ ಕಲಿತದ್ದು.

ಮೈಮುನಾಳಿಗೆ ಹಳದಿ ಬಟ್ಟೆಯಲ್ಲಿ ಹೊಸ ಲಂಗ ಹೊಲಿದಿದ್ದೇನೆ. ಹುಡುಗಿ ಅಳುವುದಿಲ್ಲ, ರಚ್ಚೆ ಇಲ್ಲ, ಶಾಂತವಾಗಿದ್ದಾಳೆ. ರಕ್ತ ಸಂಬಂಧ ಅಂದರೆ ಹಾಗೇ ಅಲ್ಲವೇ. ಉಳಿದದ್ದೆಲ್ಲ ನಮ್ಮ ನಿಯಮದ ಪ್ರಕಾರವೇ ನಡೆಯುತ್ತಿದೆ, ನೀವು ಚಿಂತೆ ಮಾಡಬೇಡಿ.

ನಿಮ್ಮ
ತವೊಂಗಾ ನ್ಯಾಗೊಂಡ್ವೆ


ಮಂಕಿ ಬೇ
4 ಜೂನ್ 1999, ಶುಕ್ರವಾರ

ತಂಗಿ ತವೊಂಗಾ,

ಸಲಾಂ. ನಿನ್ನ ಕಾಗದ ಬುಧವಾರ ಕೈಸೇರಿತು. ತಪ್ಪೊಪ್ಪಿಗೆಯನ್ನು ಸ್ವೀಕರಿಸಿದ್ದೇನೆ. ಮೂರು ವರ್ಷ ತಡವಾಗಿದ್ದಕ್ಕೆ ದಂಡವಾಗಿ ಒಂದು ಬುಟ್ಟಿ ನಿಮ್ಮ ಕಡೆಯ ಅಕ್ಕಿ ಕಳಿಸು.

ಈಗ ತಮಾಷೆ ಸಾಕು. ನಿಧಾನವಾಗಿ ಓದು. ಬಂದವನು ದೊಡ್ಡಪ್ಪ ಅಂದೆಯಲ್ಲ, ಅಪ್ಪನ ಅಣ್ಣ ಅಂತಲೇ ಹೇಳಿದನೇ? ಸರಿಯಾಗಿ ನೆನಪಿಸಿಕೋ. ನಿಮ್ಮ ಬಡಗಣ ಸೀಮೆಯಲ್ಲಿ ಹಸು ಕೊಟ್ಟು ಹೆಣ್ಣು ತರುತ್ತೀರಿ, ಮಕ್ಕಳು ಅಪ್ಪನ ಮನೆಯವು. ದೊಡ್ಡಪ್ಪ ಬಂದರೆ ನಿಮಗೆ ಅದು ಸಹಜ. ಮೈಮುನಾ ನಮ್ಮ ಯಾವೋ ಕುಲದ ಹುಡುಗಿ ಕಣೇ. ನಮ್ಮಲ್ಲಿ ಮಗು ತಾಯಿಯ ಕಡೆಯದು. ತಾಯಿ ಸತ್ತರೆ ಬರುವವನು ಸೋದರಮಾವ. ಅವನಿಲ್ಲದಿದ್ದರೆ ಅಜ್ಜಿ, ಚಿಕ್ಕಮ್ಮ. ಅಪ್ಪನ ಅಣ್ಣ ಅಷ್ಟು ದೂರ ಹಡಗಿನಲ್ಲಿ ಬಂದು "ನಮ್ಮ ಮಗು ಕೊಡಿ" ಅಂದದ್ದನ್ನು ನನ್ನ ಐವತ್ತೆರಡು ವರ್ಷದಲ್ಲಿ ಒಮ್ಮೆಯೂ ಕೇಳಿಲ್ಲ. ಕೇಳಿದರೆ ಇಲ್ಲಿ ಹೆಂಗಸರು ಬಾಯಿಗೆ ಬಟ್ಟೆ ಹಿಡಿದು ನಗುತ್ತಾರೆ.

ನನ್ನದು ಬರೀ ಅನುಮಾನ ಇರಬಹುದು. ಆದರೂ ಅವಳನ್ನು ಗೇಟಿನಾಚೆ ಬಿಡಬೇಡ. ಹದಿನೈದು ದಿನ ಕಾಯುವ ನಿಯಮ ಇದೆಯಲ್ಲ, ಅದೇ ನೆಪ ಹೇಳು. "ಬಳಗದ ಅಕ್ಕ ಮುದುಕಿ, ಹಟಮಾರಿ, ಒಪ್ಪುತ್ತಿಲ್ಲ" ಅನ್ನು. ಬೈಗುಳ ನನಗಿರಲಿ. ಅವನಿಗೆ ಆ ಮೂರನ್ನು ಬಿಟ್ಟು ಬೇರೆ ಏನಾದರೂ ಕೇಳು.

ಅಂಚೆ ಕಚೇರಿಯ ಫೋನಿನಲ್ಲಿ ಎರಡು ದಿನದಿಂದ ಪ್ರಯತ್ನಿಸಿದೆ. ಚಿಲುಂಬಾ ಲೈನು ಏಪ್ರಿಲ್ ಮಳೆಗೆ ಬಿದ್ದದ್ದು ಇನ್ನೂ ಎದ್ದಿಲ್ಲವಂತೆ. ಈ ಕಾಗದ ಸಿಕ್ಕ ಕೂಡಲೇ ಉತ್ತರ ಬರೆ. ಅವಳು ನಿನ್ನ ಕಣ್ಣೆದುರೇ ಇದ್ದಾಳೆ ಅಂತ ಒಂದೇ ಸಾಲು ಬರೆದರೂ ಸಾಕು.

ಅಸಿಯಾತು


ಚಿಲುಂಬಾ
7 ಜೂನ್ 1999

ಅಕ್ಕಾ,

ಅವಳು ನನ್ನ ಕಣ್ಣೆದುರು ಇಲ್ಲ.

ನಾನು ನಿಮಗೆ ಸುಳ್ಳು ಬರೆದೆ. ಲಂಗದ ಸುದ್ದಿ ಬರೆಯುವ ಹೊತ್ತಿಗೆ ಆ ಲಂಗ ಅವಳ ಮೈಮೇಲಿತ್ತು, ಅವಳು ಹೋಗಿ ಎರಡು ದಿನವಾಗಿತ್ತು. ಶನಿವಾರವೇ ಕಳಿಸಿಕೊಟ್ಟೆ. ಹದಿನೈದು ದಿನ ಕಾಯಲಿಲ್ಲ, ಒಂದು ದಿನವೂ ಕಾಯಲಿಲ್ಲ. "ಲಾರಿ ಈಗಲೇ ಹೊರಡುತ್ತೆ ಮೇಡಂ, ಇದು ತಪ್ಪಿದ್ರೆ ಇನ್ನೊಂದು ವಾರ ಇಲ್ಲ, ಇವಳ ಅಜ್ಜಿ ಹಾಸಿಗೆ ಹಿಡಿದಿದ್ದಾಳೆ, ಮೊಮ್ಮಗಳ ಮುಖ ನೋಡಿ ಕಣ್ಣು ಮುಚ್ಚಲಿ" ಅಂದ. ಆ ಹಿರಿಯರು ಟೋಪಿ ತೆಗೆದು ಪ್ರಾರ್ಥನೆ ಮಾಡಿದರು. ನಾನು ಆಮೆನ್ ಅಂದೆ. ನಿಯಮ ಮುರಿದೆ ಅಂತ ನಿಮಗೆ ಗೊತ್ತಾದರೆ ಮುಂದಿನ ಹಾಳೆಯಲ್ಲಿ ಹೆಸರು ಬರುತ್ತದೆಂದು ನಾಚಿಕೆಯಾಯಿತು. ಅದಕ್ಕೇ ಮುಚ್ಚಿಟ್ಟೆ.

ನಿಮ್ಮ ಕಾಗದವನ್ನು ಧಕ್ಕೆಯಲ್ಲೇ ನಿಂತು ಓದಿದೆ. ಪೊಲೀಸರ ಹತ್ತಿರ ಓಡಿದೆ. "ಕಾಗದದಲ್ಲಿ ಸಹಿ ಹಾಕಿ ನೀವೇ ಕೊಟ್ಟಿದ್ದೀರಲ್ಲ" ಅಂದರು. ಆ ಕಾಗದದಲ್ಲಿರುವ ಮುಖ್ಯಸ್ಥನ ಹೆಸರನ್ನು ಇಲ್ಲಿ ಯಾರೂ ಕೇಳಿಲ್ಲ. ಲಾರಿ ತೆಂಕಣ ದಾರಿ ಹಿಡಿಯಿತು ಅಂತ ಮಾತ್ರ ಗೊತ್ತು.

ಅವಳು ಅಳಲೇ ಇಲ್ಲ ಅಕ್ಕಾ. ಲಾರಿಯ ಹಿಂದೆ ಚೀಲಗಳ ಮೇಲೆ ಕೂತು ನನ್ನನ್ನೇ ನೋಡುತ್ತಿದ್ದಳು. ಅದನ್ನು ಶಾಂತಿ ಅಂದುಕೊಂಡೆನಲ್ಲ ನಾನು. ಅವಳ ಅಮ್ಮನ ಹೆಣದ ಪಕ್ಕದಲ್ಲೂ ಅವಳು ಹಾಗೇ ಕೂತಿದ್ದಳು.

ಒಂದು ಮಾತು ತಲೆ ಕೊರೆಯುತ್ತಿದೆ. ಅವನು ಮನೆಯವನಲ್ಲದಿದ್ದರೆ ಉಸಿಪಾ ಅನ್ನುವ ಹೆಸರು ಅವನಿಗೆ ಹೇಗೆ ಗೊತ್ತಾಯಿತು? ಬಾತುಕೋಳಿ? ಮಗು ನನಗೆ ಹೇಳಿದ್ದು, ನಾನು ನಿಮಗೊಬ್ಬರಿಗೇ ಬರೆದದ್ದು. ನೀವು ಯಾರಿಗಾದರೂ ಹೇಳಿದಿರಾ?

ತವೊಂಗಾ


ಮಂಕಿ ಬೇ
11 ಜೂನ್ 1999

ತವೊಂಗಾ,

ಹೌದು, ಹೇಳಿದೆ. ಒಬ್ಬರಿಗಲ್ಲ, ಇಡೀ ಸರೋವರಕ್ಕೆ.

ಏಪ್ರಿಲ್ ಹಾಳೆಯ ಹಿಂಬದಿ ನೀನು ನೋಡಿರಲಿಕ್ಕಿಲ್ಲ. ನಿನ್ನ ಪ್ರತಿ ನೀರು ಬಿದ್ದು ಕೆಟ್ಟಿತ್ತು ಅಂತ ಬರೆದಿದ್ದೆ. ಆ ಸಲ "ಇವರ ಮನೆಯವರನ್ನು ಹುಡುಕಿಕೊಡಿ" ಅಂತ ಒಂಬತ್ತು ಮಕ್ಕಳ ಗುರುತು ಹಾಕಿದ್ದೆ. ಬರೀ ಹೆಸರು, ವಯಸ್ಸು ಹಾಕಿದರೆ ಯಾರಿಗೂ ಗೊತ್ತಾಗುವುದಿಲ್ಲ ಅಂತ ಮನೆಯ ಹೆಸರು, ಮೈಮೇಲಿನ ಕಲೆ, ಭಯ, ಎಲ್ಲ ವಿವರವಾಗಿ ಬರೆದೆ. ನಲವತ್ತು ಪ್ರತಿ ಸೈಕ್ಲೋಸ್ಟೈಲ್ ಮಾಡಿಸಿದೆ. ನಮ್ಮ ಹೆಂಗಸರು ಒಳ್ಳೆಯ ಮನಸ್ಸಿನಿಂದ ಧಕ್ಕೆಗಳಲ್ಲಿ, ಟಿಕೆಟ್ ಕಿಟಕಿಗಳ ಪಕ್ಕದಲ್ಲಿ ಅಂಟಿಸಿದರು. ಬೀಗ ಮಾಡಿದವಳೂ ನಾನೇ, ಬೀಗದ ಕೈಯನ್ನು ಬಾಗಿಲಿಗೇ ನೇತುಹಾಕಿದವಳೂ ನಾನೇ.

ನಾಲ್ಕನೇ ತಾರೀಕು ನಿನಗೆ ಬರೆಯುವಾಗ ಇದು ನನ್ನ ತಲೆಯಲ್ಲಿತ್ತು. ಬರೆಯಲಿಲ್ಲ. "ಆ ಮೂರನ್ನು ಬಿಟ್ಟು ಬೇರೆ ಕೇಳು" ಅಂತಷ್ಟೇ ಜಾಣತನ ತೋರಿಸಿದೆ. ನೀನೊಬ್ಬಳೇ ಸುಳ್ಳುಗಾರ್ತಿ ಅಂದುಕೊಳ್ಳಬೇಡ.

ಇನ್ನೊಂದು ಕೆಟ್ಟ ಸುದ್ದಿಯಿದೆ, ಮುಚ್ಚಿಡುವುದಿಲ್ಲ. ಲಿಕೋಮಾ ದ್ವೀಪದಿಂದ ಬಂದ ಕಾಗದವನ್ನು ಮತ್ತೆ ತೆಗೆದು ಓದಿದೆ. ಮೇ ತಿಂಗಳ ಮೊದಲಲ್ಲಿ ಅಲ್ಲಿಂದಲೂ ಒಂದು ಹುಡುಗಿಯನ್ನು "ದೊಡ್ಡಪ್ಪ" ಕರೆದುಕೊಂಡು ಹೋಗಿದ್ದಾನೆ. ಅವನೂ ಎಲ್ಲಕ್ಕೂ ಸರಿಯಾದ ಉತ್ತರ ಹೇಳಿದನಂತೆ. ಆಗ ನಾನು ಅದನ್ನು ಓದಿ ಶಭಾಷ್ ಅಂದಿದ್ದೆ. ಇದು ತಂಬಾಕು ಬಿಡಿಸಿ ಕಟ್ಟುವ ಕಾಲ. ಸಣ್ಣ ಬೆರಳಿನ ಮಕ್ಕಳಿಗೆ ತೋಟದ ಕೊಟ್ಟಿಗೆಗಳಲ್ಲಿ ಬೇಡಿಕೆ ಇದೆ ಅಂತ ಇಲ್ಲಿ ಲಾರಿಯವರು ಮಾತಾಡಿಕೊಳ್ಳುತ್ತಾರೆ.

ಈ ಹಡಗಿನಲ್ಲೇ ಹನ್ನೊಂದು ಕಾಗದ ಹೋಗುತ್ತಿವೆ, ಒಂದೊಂದು ಧಕ್ಕೆಗೆ ಒಂದು. ಇಸ್ತ್ರಿ ಅಂಗಿಯ ಸ್ಟೋನಾರ್ಡ್, ಏಳು ವರ್ಷದ ಹುಡುಗಿ, ಹಳದಿ ಲಂಗ. "ಮೂರಕ್ಕೂ ಸರಿಯಾಗಿ ಉತ್ತರ ಹೇಳಿದರೆ ನಂಬಬೇಡಿ, ಹೆದರಿಕೊಳ್ಳಿ" ಅಂತ ಬರೆದಿದ್ದೇನೆ. ಹಾಳೆಗಳನ್ನು ಕಿತ್ತು ವಾಪಸ್ ಕಳಿಸಲು ಹೇಳಿದ್ದೇನೆ.

ನೀನು ಒಂದು ಕೆಲಸ ಮಾಡು. ಮೈಮುನಾಳ ಬಗ್ಗೆ ನೀನು ನನಗೂ ಬರೆಯದ ಸಂಗತಿ ಏನಾದರೂ ಉಳಿದಿದೆಯಾ, ಯೋಚಿಸು. ಹಾಳೆಯಲ್ಲಿಲ್ಲದ ಒಂದೇ ಒಂದು ಮಾತು ಬೇಕು.

ಅಸಿಯಾತು


ಚಿಲುಂಬಾ
14 ಜೂನ್ 1999

ಅಕ್ಕಾ,

ನಿಮ್ಮ ಮೇಲೆ ಸಿಟ್ಟು ಬಂತು. ಕಾಗದ ಹರಿದು ಹಾಕಬೇಕು ಅನ್ನಿಸಿತು. ಆಮೇಲೆ ಅಂಗಳದಲ್ಲಿ ಅವಳ ತಟ್ಟೆ ಕಂಡಿತು, ಸಿಟ್ಟೂ ಉಳಿಯಲಿಲ್ಲ. ಈಗ ಭಯವೊಂದೇ ಇದೆ. ಗೇಟು ಕಿರ್ ಅಂದರೆ ಮಕ್ಕಳ ತಲೆ ಎಣಿಸುತ್ತೇನೆ. ಉಳಿದ ಆರು ಮಕ್ಕಳನ್ನು ನೀರಿಗೂ ಒಬ್ಬೊಬ್ಬರನ್ನೇ ಕಳಿಸುತ್ತಿಲ್ಲ. ಯಾರಾದರೂ ಒಳ್ಳೆಯ ಮಾತಾಡಿದರೆ ಅವರ ಅಂಗಿಯ ಇಸ್ತ್ರಿ ನೋಡುತ್ತೇನೆ.

ನೀವು ಕೇಳಿದ್ದನ್ನು ಎಷ್ಟು ಯೋಚಿಸಿದರೂ ಎಲ್ಲವನ್ನೂ ನಿಮಗೆ ಬರೆದುಬಿಟ್ಟಿದ್ದೇನೆ. ಗಂಜಿ ಊದಿ ಕೊಟ್ಟರೆ ಮಾತ್ರ ಕುಡಿಯುತ್ತಾಳೆ, ಬರೆದಿದ್ದೇನೆ. ಚಪ್ಪಲಿಯನ್ನು ದಿಂಬಿನ ಕೆಳಗೆ ಇಡುತ್ತಾಳೆ, ಬರೆದಿದ್ದೇನೆ. ಪುಟಗಟ್ಟಲೆ ಬರೆದು ಅವಳನ್ನು ಪೂರ್ತಿ ಖಾಲಿ ಮಾಡಿದ್ದೇನೆ.

ಒಂದು ಉಳಿದಿದೆ. ಆದರೆ ಅದು ಹುಡುಕುವುದಕ್ಕೆ ಉಪಯೋಗಕ್ಕೆ ಬಾರದ್ದು. ಬರೆದರೆ ನೀವು ಇನ್ನೂ ಬೇಸರ ಮಾಡಿಕೊಳ್ಳುತ್ತೀರಿ. ಬೇಡ ಬಿಡಿ.

ತವೊಂಗಾ


ಚಿಲುಂಬಾ
21 ಜೂನ್ 1999

ಅಕ್ಕಾ,

ಹಡಗು ಬಂತು. ನಿಮ್ಮ ಕಾಗದ ಇಲ್ಲ. ಗುಮಾಸ್ತನಿಂದ ಎರಡು ಸಲ ಚೀಲ ಕೊಡವಿಸಿ ನೋಡಿದೆ. "ಇಲ್ಲಮ್ಮಾ, ಇದ್ರೆ ನಾನ್ಯಾಕೆ ಬಚ್ಚಿಟ್ಟುಕೊಳ್ಳಲಿ" ಅಂದ. ನೀವು ಬರೆಯದೆ ಇರುವವರಲ್ಲ. ಯಾವ ಸುದ್ದಿಯನ್ನು ಬರೆಯಲಾರದೆ ಸುಮ್ಮನಿದ್ದೀರಿ?

ಏನಾದರೂ ಆಗಿರಲಿ, ಬರೆಯಿರಿ.

ತವೊಂಗಾ


ನ್ಕೋಟಕೋಟ
25 ಜೂನ್ 1999

ತವೊಂಗಾ,

ಈ ಕಾಗದ ತರುವ ಹೆಂಗಸಿನ ಪಕ್ಕದಲ್ಲಿ ಮೈಮುನಾ ನಿಂತಿರುತ್ತಾಳೆ. ಮೊದಲು ಅವಳನ್ನು ಒಳಗೆ ಕರೆದುಕೊಂಡು ಗಂಜಿ ಕೊಡು. ಆಮೇಲೆ ಓದು.

ಹೋದ ವಾರ ಯಾಕೆ ಬರೆಯಲಿಲ್ಲ ಅಂದರೆ, ಇಲ್ಲಿರುವ ನಮ್ಮ ಬಳಗದ ನಂಬೇವೆ ಅಜ್ಜಿ "ಒಂದು ಹುಡುಗಿ ಸಿಕ್ಕಿದ್ದಾಳೆ, ಬಾ" ಅಂತ ಹೇಳಿಕಳಿಸಿದ್ದಳು. ಯಾವ ಹುಡುಗಿ ಅಂತ ಕಣ್ಣಾರೆ ನೋಡದೆ ನಿನಗೆ ಆಸೆ ಹುಟ್ಟಿಸಲು ಧೈರ್ಯವಾಗಲಿಲ್ಲ. ನಾನು ಇಳಿದು ಅಜ್ಜಿಯ ಮನೆ ಮುಟ್ಟುವಷ್ಟರಲ್ಲಿ ಹಡಗು ಹೊರಟುಹೋಗಿತ್ತು.

ನಡೆದದ್ದು ಹೀಗೆ. ಅಜ್ಜಿಗೆ ಓದು ಬಾರದು. ನನ್ನ ಕಾಗದವನ್ನು ಶಾಲೆಯ ಮೇಷ್ಟ್ರ ಹತ್ತಿರ ಓದಿಸಿ ಕೇಳಿದ್ದಳು. ಎರಡು ದಿನ ಕಳೆಯುವಷ್ಟರಲ್ಲಿ ಸ್ಟೋನಾರ್ಡನೇ ಅವಳ ಬಾಗಿಲಿಗೆ ಬಂದ. ಅವಳ ಹತ್ತಿರ ಇರುವ ಎಸಿನಾತಿ ಅನ್ನುವ ಹುಡುಗಿಯನ್ನು ಕೇಳಿಕೊಂಡು ಬಂದಿದ್ದ. ತನ್ನ ಮೇಲೆ ನಂಬಿಕೆ ಬರಲಿ ಅಂತ ಮೈಮುನಾಳನ್ನು ಕೈಹಿಡಿದು ತಂದಿದ್ದ! "ನೋಡಿ ಅಜ್ಜೀ, ಈ ನನ್ನ ತಮ್ಮನ ಮಗಳನ್ನ ಚಿಲುಂಬಾ ಮೇಡಮ್ಮೇ ನಂಬಿ ಕೊಟ್ಟಿದ್ದಾರೆ. ಎಸಿನಾತಿ ನನ್ನ ಹೆಂಡತಿ ಕಡೆಯವಳು" ಅಂದನಂತೆ. ನಿನ್ನ ಸಹಿಯನ್ನೂ ತೋರಿಸಿದನಂತೆ.

ಅಜ್ಜಿ ಎಸಿನಾತಿಯ ಮೂರು ಪ್ರಶ್ನೆ ಕೇಳಿದಳು. ಅವನು ಪಟಪಟ ಹೇಳಿದ. "ಎಲಾ ಇವನ, ನನ್ನ ಮೊಮ್ಮಗನಿಗಿಂತ ಚೆನ್ನಾಗಿ ಪಾಠ ಒಪ್ಪಿಸ್ತೀಯಲ್ಲೋ" ಅಂತ ನಕ್ಕಳಂತೆ. ನಕ್ಕು ಮೈಮುನಾಳ ಕಡೆ ತಿರುಗಿ ಕುಕ್ಕರಗಾಲಲ್ಲಿ ಕೂತು, "ನಿನ್ನ ಅಮ್ಮ ಯಾರು ಕೂಸೇ?" ಅಂದಳು.

"ಅವಳ ಅಮ್ಮ ಜೈನಬು, ಸತ್ತುಹೋದ್ಲು" ಅಂದ ಅವನು.

"ನಿನ್ನ ಕೇಳ್ಲಿಲ್ಲ, ಬಾಯಿ ಮುಚ್ಕೊಂಡಿರು. ಹೇಳು ಕೂಸೇ."

ಆಗ ಮೈಮುನಾ ಹೇಳಿದಳಂತೆ: "ನನ್ನ ಅಮ್ಮ ಸತ್ತಿಲ್ಲ. ಚಿಲುಂಬಾದಲ್ಲಿದ್ದಾಳೆ. ಗಂಜಿ ಊದಿ ಕೊಡ್ತಾಳೆ. ನಾನು ಬರ್ತೀನಿ ಅಂತ ಕಾಯ್ತಾ ಇರ್ತಾಳೆ."

ತವೊಂಗಾ, ನೀನು ನನಗೆ ಬರೆಯದ ಆ ಒಂದು ಮಾತು ಇದೇ ಅಲ್ಲವೇ? ಮಕ್ಕಳು ಹೆತ್ತವಳನ್ನು ಮರೆಯಬಾರದು, ನಮ್ಮನ್ನು ಅಮ್ಮ ಅನ್ನಿಸಿಕೊಳ್ಳಬಾರದು, ಚಿಕ್ಕಮ್ಮ ಅಂದರೆ ಸಾಕು ಅಂತ ಹಾಳೆಯ ಮೊದಲ ನಿಯಮ ಬರೆದವಳು ನಾನು. ನೀನು ಅದನ್ನೂ ಮುರಿದಿದ್ದೆ. ಈ ಕೂಸು ಉಳಿದದ್ದು ಅದರಿಂದಲೇ. ಹಾಳೆಯಲ್ಲಿ ಇಲ್ಲದ ಮಾತು ಅದೊಂದೇ ಇತ್ತು. ಅವನಿಗೆ ಅದು ಗೊತ್ತಿರಲಿಲ್ಲ.

ಅಜ್ಜಿ, "ನ್ಸಿಮಾ ಬೇಯ್ತಾ ಇದೆ, ಉಂಡು ಹೋಗು" ಅಂತ ಅವನನ್ನು ಕೂರಿಸಿ ಬಲೆ ಒಣಗಿಸುತ್ತಿದ್ದ ಗಂಡಸರನ್ನು ಕೂಗಿಸಿದಳು. ಅವನಿಗೆ ವಾಸನೆ ಬಡಿಯಿತು. ಹಿತ್ತಲಿಂದ ಓಡಿದ. ಮಗು ಉಳಿಯಿತು, ಅವನು ಸಿಗಲಿಲ್ಲ. ತಂಬಾಕಿನ ಕೊಟ್ಟಿಗೆಯಲ್ಲಿ ತನ್ನ ಜೊತೆ ಇನ್ನೂ ಇಬ್ಬರು ಹುಡುಗಿಯರಿದ್ದರು ಅಂತ ಮೈಮುನಾ ಹೇಳಿದಳು. ಪೊಲೀಸರನ್ನು ಕರೆದುಕೊಂಡು ನಾನೇ ಹೋಗಿದ್ದೆ. ಕೊಟ್ಟಿಗೆ ಖಾಲಿ. ನೆಲದ ಮೇಲೆ ಒಂದು ಸಣ್ಣ ಚಪ್ಪಲಿ ಬಿದ್ದಿತ್ತು, ಮೈಮುನಾಳದ್ದಲ್ಲ.

ಅಜ್ಜಿ ನನ್ನನ್ನು ಸರಿಯಾಗಿ ಝಾಡಿಸಿದಳು. "ಓದಿದ ಹೆಂಗಸರೆಲ್ಲ ಕೂಡ್ಕೊಂಡು ಬಂದ ಗಂಡಸಿಗೆ ಮೂರು ಮೂರು ಪ್ರಶ್ನೆ ಕೇಳಿದ್ರಿ. ಕೂಸಿಗೆ ಒಂದಾದ್ರೂ ಕೇಳಿದ್ರಾ?" ಅಂದಳು. ಮೂರು ವರ್ಷ, ಮೂವತ್ತಾರು ಹಾಳೆ. ನಮಗ್ಯಾರಿಗೂ ಅದು ಹೊಳೆದಿರಲಿಲ್ಲ.

ಮೈಮುನಾಳ ಬೆರಳು ತಂಬಾಕಿನ ಅಂಟಿಗೆ ಕಪ್ಪಾಗಿವೆ. ಎಣ್ಣೆ ಹಚ್ಚಿ ತಿಕ್ಕಿದರೆ ಹೋಗುತ್ತದೆ. ಕೆಮ್ಮಿಗೆ ಮಿಷನ್ ಆಸ್ಪತ್ರೆಯಲ್ಲಿ ತೋರಿಸು.

ಅಸಿಯಾತು


ಮಂಕಿ ಬೇ
9 ಜುಲೈ 1999

ತಂಗೀ,

ಎರಡು ಹಡಗು ಬಂದು ಹೋದರೂ ನಿನ್ನ ಕಾಗದವಿಲ್ಲ. ನಾನೂ ಬರೆಯಲಿಲ್ಲ. ನೀನು ಯಾಕೆ ಬರೆಯಲಿಲ್ಲವೋ ಗೊತ್ತಿಲ್ಲ, ನಾನು ಬರೆಯದ್ದಕ್ಕೆ ಕಾರಣವಿದೆ.

ನಲವತ್ತು ಹಾಳೆಗಳಲ್ಲಿ ಮೂವತ್ತಮೂರು ವಾಪಸ್ ಬಂದವು. ಅಂಗಳದಲ್ಲಿ ಸುಟ್ಟೆ. ಉಳಿದ ಏಳು ಯಾರ ಜೇಬಿನಲ್ಲಿವೆಯೋ ಆ ದೇವರಿಗೇ ಗೊತ್ತು. ಇನ್ನು ಮೇಲೆ ಔಷಧಿ, ಊಟ, ಉಪಚಾರ ಏನು ಕಲಿತರೂ ಹಾಳೆಯಲ್ಲಿ ಬರೆಯೋಣ. ಮಗುವಿನ ಗುರುತು ಮಾತ್ರ ಸಾಕಿದವಳ ಹೊಟ್ಟೆಯಲ್ಲೇ ಇರಬೇಕು.

ಈಗ ಕಾರಣ ಹೇಳುತ್ತೇನೆ, ಕೂತು ಓದು. ನಾನು ನ್ಕೋಟಕೋಟದಿಂದ ಮರಳಿದ ದಿನವೇ ಮನೆ ಮುಂದೆ ಒಬ್ಬ ಬೆಸ್ತರವನು ಕೂತಿದ್ದ. ಮಕಂಜಿರಾ ಕಡೆಯವನು, ಹೆಸರು ಬ್ವಾನಾಲಿ. ಜೈನಬುವಿನ ತಮ್ಮನಂತೆ. ಅಕ್ಕ ಸತ್ತ ಸುದ್ದಿ ಧಕ್ಕೆಯಲ್ಲಿ ಯಾರದೋ ಬಾಯಿಂದ ಕೇಳಿ ಮೂರು ದಿನ ದೋಣಿ ಹುಟ್ಟುಹಾಕಿ ಬಂದಿದ್ದಾನೆ. ಓದು ಬಾರದು, ಹಾಳೆ ಕಂಡಿಲ್ಲ. ನಾನು ಒಂದು ವಾರಕ್ಕೂ ಹೆಚ್ಚು ಅವನನ್ನು ಗೋಳು ಹುಯ್ದುಕೊಂಡೆ. ಗದರಿಸಿದೆ, ಸುಳ್ಳುಗಾರ ಅಂದೆ. ಅವನು ಹೋಗಲಿಲ್ಲ. "ನನ್ನ ಅಕ್ಕನ ಮಗಳು, ನಾನಲ್ದೆ ಇನ್ಯಾರು ಬರ್ಬೇಕು ಹೇಳಿ" ಅಂತ ಒಂದೇ ಮಾತು. ಆ ಬಾತುಕೋಳಿಯ ಕಥೆಯನ್ನು ಹಾಳೆಯಲ್ಲಿ ಇಲ್ಲದಷ್ಟು ಹೇಳಿದ. ಏನೆಂದು ಇಲ್ಲಿ ಬರೆಯುವುದಿಲ್ಲ.

ನನಗೆ ಅವನು ನಿಜವಾದವನು ಅನ್ನಿಸುತ್ತದೆ. ಅನ್ನಿಸಿದ್ದಕ್ಕೇ ನಿನಗೆ ಬರೆಯಲು ಕೈ ಬರಲಿಲ್ಲ. ಮುಂದಿನ ವಾರದ ಹಡಗಿಗೆ ಅವನನ್ನು ಹತ್ತಿಸಲೇ? ನೀನು ಬೇಡವೆಂದರೆ ಹತ್ತಿಸುವುದಿಲ್ಲ.

ಅಸಿಯಾತು


ಚಿಲುಂಬಾ
12 ಜುಲೈ 1999

ಅಕ್ಕಾ,

ನಾನು ಬರೆಯದಿದ್ದದ್ದು ಇಂಥದ್ದೇ ಒಂದು ಕಾಗದ ಬರುತ್ತದೆ ಅನ್ನುವ ಹೆದರಿಕೆಗೆ. ನಾನು ಬರೆದರೆ ನೀವು ಉತ್ತರ ಬರೆಯುತ್ತೀರಿ. ಸುಮ್ಮನಿದ್ದರೆ ದಿನ ಹೀಗೇ ಹೋಗುತ್ತದೆ ಅಂದುಕೊಂಡಿದ್ದೆ.

ಬಂದ ದಿನದಿಂದ ಅವಳು ನನ್ನ ಸೆರಗು ಬಿಟ್ಟಿಲ್ಲ. ನಾನು ನೀರಿಗೆ ಹೋದರೂ ಹಿಂದೆ ಬರುತ್ತಾಳೆ. ಲಾರಿಯ ಸದ್ದು ಕೇಳಿದರೆ ಮೇಜಿನ ಕೆಳಗೆ ಹೋಗುತ್ತಾಳೆ. ಆದರೆ ಈಗ ಅಳುತ್ತಾಳೆ ಅಕ್ಕಾ, ಜೋರಾಗಿ ಅಳುತ್ತಾಳೆ. ಅವಳು ಅತ್ತಾಗಲೆಲ್ಲ ನನಗೆ ಜೀವ ಬಂದಂತಾಗುತ್ತದೆ. ಬೆರಳಿನ ಕಪ್ಪು ಉಗುರಿನ ಸಂದಿಯಲ್ಲಿ ಇನ್ನೂ ಸ್ವಲ್ಪ ಇದೆ.

ನಿಮ್ಮ ಕಾಗದ ಓದಿ ಒಂದಿಡೀ ಮಧ್ಯಾಹ್ನ ಅದನ್ನು ಒಲೆಗೆ ಹಾಕಿಬಿಡಲೇ ಅಂತ ಕೂತಿದ್ದೆ. ಹಾಕಿದ್ದರೆ ಯಾರಿಗೂ ಗೊತ್ತಾಗುತ್ತಿರಲಿಲ್ಲ. ಆಮೇಲೆ ನಂಬೇವೆ ಅಜ್ಜಿಯ ಮಾತು ನೆನಪಾಯಿತು. ಮೈಮುನಾಳನ್ನೇ ಕೇಳಿದೆ. "ಉಸಿಪಾ, ನಿನಗೆ ಸೋದರಮಾವ ಇದ್ದಾನಾ?" ಅಂದೆ. ನನ್ನ ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿಕೊಂಡಳು. ಆಮೇಲೆ, "ಬ್ವಾನಾಲಿ ಮಾವ. ದೋಣಿಯಲ್ಲಿ ನನ್ನನ್ನ ಮುಂದೆ ಕೂರಿಸ್ಕೊಳ್ತಿದ್ದ" ಅಂದಳು. ನಾನು ಆ ಹೆಸರನ್ನು ಅವಳಿಗೆ ಹೇಳಿರಲಿಲ್ಲ.

"ಮಾವ ಅಂತ ಒಬ್ಬರು ಬಂದ್ರೆ, ಅವನೇ ಅಂತ ನಮಗೆ ಹೇಗೆ ಗೊತ್ತಾಗ್ಬೇಕು? ನೀನೇ ಒಂದು ಪ್ರಶ್ನೆ ಹೇಳು" ಅಂದೆ. ನನ್ನ ಕಿವಿಗೆ ಬಾಯಿಟ್ಟು ಪ್ರಶ್ನೆಯನ್ನೂ ಹೇಳಿದಳು, ಉತ್ತರವನ್ನೂ ಹೇಳಿದಳು. ಅದನ್ನು ನಾನು ಎಲ್ಲೂ ಬರೆಯುವುದಿಲ್ಲ. ನಿಮಗೂ ಬರೆಯುವುದಿಲ್ಲ.

ಅವನನ್ನು ಹತ್ತಿಸಿ. ಬಂದವನು ಹದಿನೈದು ದಿನ ಇಲ್ಲಿ ಮಿಷನ್ ಅಂಗಳದಲ್ಲಿ ಇರಬೇಕು, ಒಂದು ದಿನವೂ ಕಡಿಮೆಯಿಲ್ಲ. ಪ್ರಶ್ನೆ ಕೇಳುವವಳು ಮೈಮುನಾ, ನಾನು ಪಕ್ಕದಲ್ಲಿ ನಿಂತಿರುತ್ತೇನೆ. ಅವನು ತಪ್ಪು ಹೇಳಿದರೆ ಅನ್ನುವ ಭಯ ನನಗಿದೆ. ಸರಿ ಹೇಳಿದರೆ ಅನ್ನುವ ಭಯ ಅದಕ್ಕಿಂತ ಹೆಚ್ಚಿದೆ. ಎರಡನ್ನೂ ನಿಮ್ಮಿಂದ ಮುಚ್ಚಿಡುವುದಿಲ್ಲ.

ಈಗ ನನ್ನ ಪಕ್ಕದಲ್ಲೇ ಕೂತು ನಾನು ಬರೆಯುವುದನ್ನು ನೋಡುತ್ತಿದ್ದಾಳೆ. "ಮಾವ ಸರಿಯಾಗಿ ಹೇಳಿಬಿಟ್ರೆ, ಆಮೇಲೆ ನಿನ್ನ ಏನಂತ ಕರೀಬೇಕು ಅಮ್ಮಾ?" ಅಂತ ಕೇಳಿದಳು.

ನಮ್ಮ ಮೂವತ್ತಾರು ಹಾಳೆಗಳಲ್ಲಿ ಇದಕ್ಕೆ ಯಾರಾದರೂ ಉತ್ತರ ಬರೆದಿದ್ದಾರಾ ಅಕ್ಕಾ? ಹುಡುಕಿ ನೋಡಿ. ಸಿಕ್ಕರೆ ಅವನು ಬರುವ ಹಡಗಿನಲ್ಲೇ ಕಳಿಸಿ.

ತವೊಂಗಾ